ಮುರಿಯದ ದನಿ: ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಾಡುಗಳಲ್ಲಿ ಶ್ರುತಿಯ ನೆಲೆ

1623ರ ನವೆಂಬರಿನಲ್ಲಿ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಯಲ್ಲಿದ್ದ. ಗೋವೆಯ ಪೋರ್ಚುಗೀಸರು ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ್ದ ರಾಯಭಾರಿಯ ಜತೆಗೂಡಿ, ಹೊನ್ನಾವರ, ಗೇರುಸೊಪ್ಪೆಗಳ ಹಾದಿಯಲ್ಲಿ ಘಟ್ಟ ಹತ್ತಿ ಬಂದವನು ಅವನು. ಇಂದು ಸಾಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಅಘೋರೇಶ್ವರ ದೇವಸ್ಥಾನವನ್ನು ಸುತ್ತಿಕೊಂಡಿರುವ ಈ ಊರು ಆಗ ರಾಜಧಾನಿ. ಅಲ್ಲಿ ಒಂದು ಸಂಜೆ ಅವನು ಹುಡುಗಿಯರ ಕೋಲಾಟವನ್ನು ಕಂಡ. ಕೈಯಲ್ಲಿ ಬಣ್ಣ ಬಳಿದ, ಗೇಣುದ್ದಕ್ಕಿಂತ ತುಸು ಹೆಚ್ಚಿನ ಕೋಲು. ಹಿಂದೆ ಚರ್ಮವಾದ್ಯಗಳ ಬಡಿತ. ಅವರಲ್ಲಿ ಹಾಡಿಕೆ ಚೆನ್ನಾಗಿ ಬಲ್ಲ ಒಬ್ಬಳು ಒಂದು ನುಡಿ ಹೇಳುತ್ತಾಳೆ, ಉಳಿದವರೆಲ್ಲ ಕೋಲೆ ಎಂಬ ಪದವನ್ನು ತಾಳಕ್ಕೆ ಸರಿಯಾಗಿ ಏಳೆಂಟು ಸಲ ಹೇಳಿ ಅದಕ್ಕೆ ಉತ್ತರ ಕೊಡುತ್ತಾರೆ ಎಂದು ಅವನು ತನ್ನ ಪತ್ರದಲ್ಲಿ ಬರೆದಿದ್ದಾನೆ. ಆ ಪತ್ರಗಳ ಇಂಗ್ಲಿಷ್ ಅನುವಾದ 1664ರಷ್ಟು ಹಿಂದೆಯೇ ಅಚ್ಚಾಯಿತು. 1892ರಲ್ಲಿ ಹಾಕ್ಲೂಯ್ಟ್ ಸೊಸೈಟಿ ಅದನ್ನು ಟಿಪ್ಪಣಿಗಳೊಡನೆ ಮತ್ತೆ ಹೊರತಂದಿತು.

ಈ ಪುಟವನ್ನು ಇತಿಹಾಸಕಾರರು ಕೆಳದಿ ಅರಸರ ವೈಭವಕ್ಕೆ ಸಾಕ್ಷಿಯಾಗಿ ಬಳಸಿಕೊಂಡಿದ್ದಾರೆ. ಸಂಗೀತದ ಕಡೆಯಿಂದ ಓದಿದಾಗ ಅದಕ್ಕೆ ಬೇರೊಂದು ಬೆಲೆ ಬರುತ್ತದೆ. ದೆಲ್ಲಾ ವಾಲ್ಲೆ ದಾರಿಹೋಕ ಕೇಳುಗನಲ್ಲ. ರೋಮಿಗೆ ಮರಳಿದ ಮೇಲೆ, 1640ರಲ್ಲಿ, ತನ್ನ ಕಾಲದ ಸಂಗೀತವನ್ನು ಕುರಿತು ಪ್ರಬಂಧ ಬರೆದವನು. ತಾನೇ ಸ್ವರ ಸಂಯೋಜನೆ ಮಾಡಿದವನು. ಹೊಸ ಬಗೆಯ ಸ್ವರಾಂತರಗಳನ್ನು ನುಡಿಸಲು ಬರುವಂತೆ ಮನೆಗಳುಳ್ಳ ವಾದ್ಯಗಳನ್ನು ಮಾಡಿಸಿದವನು. ಅಂಥ ಕಿವಿ ಇಕ್ಕೇರಿಯ ಬೀದಿಯಲ್ಲಿ ಹಿಡಿದುಕೊಂಡದ್ದು ಎರಡು ಸಂಗತಿಗಳನ್ನು: ಹಾಡು ಒಬ್ಬರದಲ್ಲ, ಒಬ್ಬರಿಂದ ಹಲವರಿಗೆ ದಾಟುವಂಥದು, ಹಲವರ ಆ ಉತ್ತರಕ್ಕೆ ಎಣಿಕೆಯಿದೆ. ನಾನೂರು ವರ್ಷಗಳ ಮೇಲೂ ಮಲೆನಾಡಿನ ಹಾಡಿಕೆಯ ಬೆನ್ನೆಲುಬು ಇದೇ. ಈ ಟಿಪ್ಪಣಿಯ ವಾದವೂ ಇದರ ಮೇಲೆಯೇ ನಿಂತಿದೆ.

ಪ್ರಶ್ನೆ ಹುಟ್ಟಿದ್ದು ಬೇರೆ ಕಡೆಯಿಂದ. ಯುರೋಪಿನ ಜನಪದ ಸಂಗೀತಗಾರರಲ್ಲಿ, ವಿಶೇಷವಾಗಿ ಕಳೆದ ಐವತ್ತು ವರ್ಷಗಳಲ್ಲಿ, ತಮ್ಮ ಸೀಮೆಯ ಹಳೆಯ ಧಾಟಿಗಳನ್ನು ಹರ್ಡಿಗರ್ಡಿ ಎಂಬ ವಾದ್ಯದ ಮೇಲೆ ಕೂರಿಸಿ ಮೊದಲ ಆಲ್ಬಮ್ ತರುವ ರೂಢಿ ಬೆಳೆದಿದೆ. ಮೇಲೆ ಧಾಟಿ, ಕೆಳಗೆ ಒಂದೇ ಸಮನೆ ಮೊರೆಯುವ ಶ್ರುತಿ. ಕೇಳುವಾಗ ನಮ್ಮ ಕಿವಿಗೆ ಅದು ಪರಕೀಯ ಅನ್ನಿಸುವುದೇ ಇಲ್ಲ. ತಂಬೂರಿಯ ಮಗ್ಗುಲಲ್ಲಿ ಬೆಳೆದವರಿಗೆ ಶ್ರುತಿ ಎಂದರೆ ಮನೆಯ ನೆಲವಿದ್ದ ಹಾಗೆ. ಆದ್ದರಿಂದಲೇ ಕೇಳಿಕೊಳ್ಳಬೇಕಾಗಿದೆ: ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಹಾಡುಗಳನ್ನು ಒಬ್ಬ ಹಾಡುಗಾರ ತನ್ನ ಮೊದಲ ಆಲ್ಬಮಿಗೆ ತರುವುದಾದರೆ, ಅವುಗಳ ಶ್ರುತಿ ಎಲ್ಲಿದೆ? ಹೊರಗಿನಿಂದ ಒಂದು ಪೆಟ್ಟಿಗೆಯನ್ನು ತಂದು ಇಡಬೇಕೆ, ಅಥವಾ ಅದು ಹಾಡಿನೊಳಗೇ ಇದೆಯೆ?

ಮೊದಲು ವಾದ್ಯದ ಮಾತು. ಹರ್ಡಿಗರ್ಡಿ ಪಿಟೀಲಿನ ವಂಶದ್ದು. ಕಮಾನಿನ ಬದಲು ಒಡಲಲ್ಲಿ ಒಂದು ಮರದ ಗಾಲಿ. ಬಲಗೈಯಿಂದ ಹಿಡಿಕೆ ತಿರುವಿದರೆ ರಾಳ ಹಚ್ಚಿದ ಆ ಗಾಲಿ ತಂತಿಗಳನ್ನು ಉಜ್ಜುತ್ತದೆ. ಎಡಗೈ ಬೆರಳು ಮನೆಗಳನ್ನು ಒತ್ತಿದಾಗ ಮರದ ಚಿಕ್ಕ ನಾಲಗೆಗಳು ಧಾಟಿಯ ತಂತಿಗೆ ತಾಗಿ ಸ್ವರ ಬದಲಾಗುತ್ತದೆ. ಪಕ್ಕದ ತಂತಿಗಳು ಯಾವ ಬದಲಾವಣೆಯೂ ಇಲ್ಲದೆ ಶ್ರುತಿ ಹಿಡಿದಿರುತ್ತವೆ. ಗಾಲಿ ತಾಗುವ ಜಾಗದಲ್ಲಿ ತಂತಿಗೆ ಹತ್ತಿಯ ಎಳೆ ಸುತ್ತುತ್ತಾರೆ, ಇಲ್ಲದಿದ್ದರೆ ದನಿ ಒರಟಾಗುತ್ತದೆ. ಒಂದು ತಂತಿ ಸಡಿಲವಾದ ಪುಟ್ಟ ಕುದುರೆಯ ಮೇಲೆ ಕೂತಿರುತ್ತದೆ. ತಿರುವುವ ಕೈ ಜರ್ಕು ಕೊಟ್ಟಾಗ ಅದು ಹಲಗೆಗೆ ಬಡಿದು ಝೇಂಕರಿಸಿ ತಾಳ ಹೇಳುತ್ತದೆ. ನಾವು ತಂತಿ ಕೂರುವ ಹಲಗೆಯನ್ನು ಕುದುರೆ ಅನ್ನುತ್ತೇವೆ, ಫ್ರಾನ್ಸಿನವರು ಈ ಅದುರುವ ಕುದುರೆಯನ್ನು ನಾಯಿ ಎಂದು ಕರೆಯುತ್ತಾರೆ. ತಂಬೂರಿಯ ಕುದುರೆಯ ಮೇಲೆ ಜೀವಾಳದ ಎಳೆ ಮಾಡುವ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು: ತಂತಿ ಸುಮ್ಮನೆ ಮಿಡಿಯಬಾರದು, ಜೀವಂತವಾಗಿ ಅದುರಬೇಕು ಎಂಬ ಆಸೆ ಎರಡು ಕಡೆಯಲ್ಲೂ ಒಂದೇ.

ಈ ವಾದ್ಯದ ಪೂರ್ವಜ ಆರ್ಗನಿಸ್ಟ್ರಮ್. ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾ ದೇವಾಲಯದ ಹೆಬ್ಬಾಗಿಲಲ್ಲಿ, 1188ರ ಕಾಲದ ಶಿಲ್ಪದಲ್ಲಿ, ಇಬ್ಬರು ಮುದುಕರು ಅದನ್ನು ತೊಡೆಯ ಮೇಲೆ ಅಡ್ಡವಾಗಿ ಇಟ್ಟುಕೊಂಡು ಕೂತಿದ್ದಾರೆ. ಒಬ್ಬ ಗಾಲಿ ತಿರುವುವವನು, ಇನ್ನೊಬ್ಬ ಸ್ವರ ಬದಲಿಸುವವನು. ಒಂದು ದನಿ ಮುರಿಯದೆ ಹರಿಯಲು ಇಬ್ಬರು ಬೇಕಾಯಿತು ಎಂಬುದನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅದು ಒಬ್ಬರೇ ನುಡಿಸುವ ವಾದ್ಯವಾಗಿ, ಅರಮನೆಯಿಂದ ಕುರುಡು ಭಿಕ್ಷುಕರವರೆಗೆ ಎಲ್ಲರ ಕೈಗೂ ಹೋಯಿತು. 1786ರ ಸುಮಾರಿಗೆ ಹೈಡನ್ ನೇಪಲ್ಸಿನ ದೊರೆಗಾಗಿ ಅದರ ಒಂದು ಬಗೆಗೆ ಸಂಯೋಜನೆಗಳನ್ನು ಬರೆದ. 1827ರಲ್ಲಿ ಶೂಬರ್ಟ್ ತನ್ನ ಚಳಿಗಾಲದ ಪಯಣದ ಹಾಡುಗಳ ಮಾಲೆಯನ್ನು ಅದನ್ನು ನುಡಿಸುವ ಒಬ್ಬ ಬಡ ಮುದುಕನ ಚಿತ್ರದಿಂದ ಮುಗಿಸಿದ.

ಹಾಡುವವರಿಗೂ ಊದುವವರಿಗೂ ಇರುವ ಒಂದೇ ಶತ್ರು ಉಸಿರು. ಅದು ಮುಗಿಯುತ್ತದೆ. ಕಮಾನೂ ಹಾಗೆಯೇ, ಅದಕ್ಕೊಂದು ತುದಿಯಿದೆ. ಗಾಲಿಗೆ ತುದಿಯಿಲ್ಲ, ಹರ್ಡಿಗರ್ಡಿ ಹುಟ್ಟಿದ್ದೇ ಈ ಕಾರಣಕ್ಕೆ. ನಮ್ಮ ಬಡಗುತಿಟ್ಟಿನ ಯಕ್ಷಗಾನ ಇದೇ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿತ್ತು. ಹಾರ್ಮೋನಿಯಂ ಬರುವ ಮುಂಚೆ ಭಾಗವತರ ಹಿಂದೆ ಶ್ರುತಿಗೆ ಇದ್ದದ್ದು ಪುಂಗಿ. ಸೋರೆಬುರುಡೆಗೆ ಕೊಳವೆ ಸೇರಿಸಿದ ಆ ವಾದ್ಯವನ್ನು ಊದುವವನು ಗಾಳಿಯನ್ನು ಕೆನ್ನೆಯಲ್ಲಿ ತುಂಬಿಟ್ಟುಕೊಂಡು, ಮೂಗಿನಿಂದ ಉಸಿರೆಳೆದುಕೊಳ್ಳುತ್ತಲೇ ಬಾಯಿಂದ ಊದುತ್ತಿರಬೇಕು. ರಾತ್ರಿಯಿಡೀ ನಡೆಯುವ ಆಟಕ್ಕೆ ಹಾಗೆ ಶ್ರುತಿ ಹಿಡಿದವರ ಹೆಸರುಗಳು ಮೇಳದ ಕರಪತ್ರದ ದೊಡ್ಡಕ್ಷರಗಳಲ್ಲಿ ಬಂದದ್ದಲ್ಲ. ಆದರೂ ಚೆಂಡೆ, ಮದ್ದಳೆಗಳ ಅಬ್ಬರದ ನಡುವೆ ಭಾಗವತರ ಪದ ನಿಲ್ಲುತ್ತಿದ್ದದ್ದು ಆ ಕೆನ್ನೆಗಳ ಬಲದ ಮೇಲೆ.

ಮೂರನೆಯ ದಾರಿ ಅಂಟಿಗೆ–ಪಂಟಿಗೆಯದು. ನನ್ನ ತಿಳಿವಳಿಕೆಯಲ್ಲಿ ಮೂರರಲ್ಲಿ ಇದೇ ಅತ್ಯಂತ ಸೂಕ್ಷ್ಮವಾದದ್ದು. ಊರೂರಿಗೆ ಇದರ ಹೆಸರಿನ ಉಚ್ಚಾರ ಬದಲಾಗುತ್ತದೆ. ಅಂಟಿಕೆ–ಪಂಟಿಕೆ ಎನ್ನುವವರಿದ್ದಾರೆ, ದೀಪ ನೀಡುವುದು ಎನ್ನುವವರೂ ಇದ್ದಾರೆ. ದೀಪಾವಳಿಯನ್ನು ದೊಡ್ಡಬ್ಬವೆಂದೇ ಕರೆಯುವ ಈ ಸೀಮೆಯಲ್ಲಿ, ಬಲಿಪಾಡ್ಯಮಿಯ ರಾತ್ರಿ ದೇವರ ಮುಂದೆ ಹಚ್ಚಿಕೊಂಡ ದೀಪದೊಡನೆ ಗಂಡಸರ ತಂಡವೊಂದು ಹೊರಡುತ್ತದೆ. ಗದ್ದೆಯ ಅಂಚು, ತೋಟದ ಸಂಕ, ಕಾಡಿನ ಕಾಲುದಾರಿ ಹಾದು ಮನೆಯಿಂದ ಮನೆಗೆ, ಊರಿಂದ ಊರಿಗೆ ನಡೆಯುವಾಗ ಆ ದೀಪ ಆರಬಾರದು. ಬಾಗಿಲು ತೆರೆಸುವುದಕ್ಕೆ ಒಂದು ಹಾಡು, ಮನೆಯವರು ದೀಪಕ್ಕೆ ಎಣ್ಣೆ ಎರೆಯುವಾಗ ಇನ್ನೊಂದು, ಬಲೀಂದ್ರನ ಕಥೆಯದು ಮತ್ತೊಂದು, ಕೊನೆಯಲ್ಲಿ ಮನೆಮಂದಿಯನ್ನೂ ದನಕರುಗಳನ್ನೂ ಹರಸುವ ಹಾಡು. ತಂಡ ತಂದ ದೀಪದಿಂದ ಮನೆಯವರು ತಮ್ಮ ದೀಪ ಹೊತ್ತಿಸಿಕೊಂಡು ಎಣ್ಣೆ, ಅಕ್ಕಿ, ದುಡ್ಡು, ಹಬ್ಬದ ತಿಂಡಿ ಕೊಡುತ್ತಾರೆ. ತಂಡದಲ್ಲಿ ವಾದ್ಯವಿಲ್ಲ. ತಾಳವನ್ನೂ ಹಿಡಿಯದೆ ಬರಿಗೊರಳಲ್ಲಿ ಹಾಡುತ್ತಾರೆ.

ಇಲ್ಲಿ ಮುಮ್ಮೇಳ, ಹಿಮ್ಮೇಳ ಎಂಬ ಮಾತುಗಳನ್ನು ಯಕ್ಷಗಾನದ ಅರ್ಥದಲ್ಲಿ ತೆಗೆದುಕೊಳ್ಳಬಾರದು. ಮುಂದೆ ಹೇಳಿಕೊಡುವವರು ಮುಮ್ಮೇಳ, ಹಿಂದೆ ಎತ್ತಿಕೊಳ್ಳುವವರು ಹಿಮ್ಮೇಳ. ಅಂಗಳದ ಕತ್ತಲಲ್ಲಿ ನಿಂತು ಕಿವಿಗೊಟ್ಟು ಕೇಳಬೇಕಾದ್ದು ಈ ಎರಡು ಗುಂಪುಗಳ ನಡುವಿನ ಸಂದಿ. ಮುಮ್ಮೇಳದವರು ಸಾಲಿನ ಕೊನೆಯ ಅಕ್ಷರವನ್ನು ಎಳೆದಿರುವಾಗಲೇ ಹಿಮ್ಮೇಳದವರು ಅದರ ಮೇಲೆ ಏರಿ ಸಾಲನ್ನು ಹಿಡಿಯುತ್ತಾರೆ. ಇವರ ಎಳೆತ ಮುಗಿಯುವ ಮೊದಲೇ ಅವರು ಮುಂದಿನ ನುಡಿಗೆ ಹೊರಟಿರುತ್ತಾರೆ. ಆ ಕ್ಷಣದಲ್ಲಿ ಎರಡು ದನಿ ಒಂದರ ಮೇಲೊಂದು ನಿಲ್ಲುತ್ತದೆ: ಒಂದು ಕದಲದ ಸ್ವರ, ಇನ್ನೊಂದು ಅದರಿಂದ ಹೊರಡುವ ಧಾಟಿ. ಸಂಗೀತಶಾಸ್ತ್ರದ ಮಾತಿನಲ್ಲಿ ಇದೇ ಶ್ರುತಿ ಮತ್ತು ರಾಗದ ಸಂಬಂಧ. ತಂತಿಯಿಲ್ಲದೆ, ಬುರುಡೆಯಿಲ್ಲದೆ, ಗಾಲಿಯಿಲ್ಲದೆ ಜನರೇ ಸರದಿಯಲ್ಲಿ ಶ್ರುತಿಯಾಗುತ್ತಾರೆ. ಕೊಂಪೊಸ್ತೆಲಾದ ಶಿಲ್ಪದ ಇಬ್ಬರು ಒಂದು ವಾದ್ಯವನ್ನು ಹಂಚಿಕೊಂಡಿದ್ದರೆ, ಇಲ್ಲಿ ಎರಡು ಗುಂಪುಗಳು ಒಂದು ಉಸಿರನ್ನು ಹಂಚಿಕೊಂಡಿವೆ. ದೀಪ ಆರಬಾರದು ಎಂಬ ಕಟ್ಟಳೆಗೂ ದನಿ ಮುರಿಯಬಾರದು ಎಂಬ ಕಟ್ಟಳೆಗೂ ಸಂಬಂಧವಿದೆಯೆಂದು ನಾನು ತಿಳಿದಿದ್ದೇನೆ. ಇದು ನನ್ನ ಅರ್ಥೈಕೆ. ಆದರೆ ಒಂದೇ ರಾತ್ರಿ, ಒಂದೇ ತಂಡ, ಒಂದೇ ನಡಿಗೆಯಲ್ಲಿ ಎರಡೂ ಪಾಲನೆಯಾಗುವುದನ್ನು ಕಂಡವರು ಇದನ್ನು ಸುಲಭವಾಗಿ ತಳ್ಳಿಹಾಕಲಾರರು.

ಹೆಂಗಸರ ಹಾಡಿಕೆಯಲ್ಲೂ ಇದೇ ಕಟ್ಟು ಕಾಣುತ್ತದೆ. ಮದುವೆಯ ಹಸೆಗೆ ಕೂರಿಸುವಾಗ, ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊರುವ ಹೊತ್ತಿನಲ್ಲಿ, ಹಾಡು ಸಾಮಾನ್ಯವಾಗಿ ಒಂಟಿ ಕೊರಳಿನದಲ್ಲ. ಜೋಡಿ ಹೇಳಿದ್ದನ್ನು ಜೋಡಿ ಎತ್ತಿಕೊಳ್ಳುತ್ತದೆ. ಹೊರಗಿನಿಂದ ಶ್ರುತಿ ತರುವ ಹಾಡಿಕೆ ಈ ಸೀಮೆಗೆ ಗೊತ್ತಿಲ್ಲವೆಂದು ಇದರ ಅರ್ಥವಲ್ಲ. ಕಿನ್ನರಿ ಜೋಗಿಗಳ ಕೈಯಲ್ಲಿ ಬಿದಿರಿನ ದಂಡಿಗೆ ಬುರುಡೆ ಕಟ್ಟಿದ ಕಿನ್ನರಿಯಿದೆ; 13ನೆಯ ಶತಮಾನದ ಶಾರ್ಙ್ಗದೇವ ತನ್ನ ಸಂಗೀತರತ್ನಾಕರದಲ್ಲಿ ಲಘು, ಬೃಹತ್ ಎಂದು ಕಿನ್ನರಿಯ ಬಗೆಗಳನ್ನು ವಿವರಿಸಿದ್ದಾನೆ. ತತ್ವಪದದವರ ಕೈಯಲ್ಲಿ ಏಕತಾರಿಯಿದೆ. ಆದರೆ ಜೋಗಿಯೂ ತತ್ವಪದಕಾರನೂ ಒಬ್ಬನೇ ತಿರುಗುವವನು. ಹಿಂದೆ ಎತ್ತಿಕೊಳ್ಳುವ ಗುಂಪಿಲ್ಲದವನಿಗೆ ತಂತಿ ಬೇಕು. ಗುಂಪಿದ್ದವರಿಗೆ ತಂತಿ ಬೇಕಿಲ್ಲ.

ಈ ಭೇದವನ್ನು ಮರೆತದ್ದರಿಂದಲೇ ಧ್ವನಿಮುದ್ರಣದಲ್ಲಿ ಹಾನಿಯಾಗಿದೆ ಎನ್ನುವುದು ನನ್ನ ದೂರು. ವಾದ್ಯವಿಲ್ಲದೆ ಹಾಡುವ ತಂಡದ ಆಧಾರ ಸ್ವರ ಹಾಡಿನುದ್ದಕ್ಕೂ ಕದಲದೆ ನಿಲ್ಲುವುದಿಲ್ಲ. ಕಾವು ಏರಿದ ಹಾಗೆ ತುಸು ಮೇಲೆ ಸರಿಯುತ್ತದೆ, ದಣಿವಾದಾಗ ಕೆಳಗಿಳಿಯುತ್ತದೆ. ಎಲ್ಲರೂ ಒಟ್ಟಿಗೆ ಸರಿಯುವುದರಿಂದ ಕಿವಿಗೆ ಅಪಸ್ವರವೆನಿಸುವುದಿಲ್ಲ. ಸ್ಟುಡಿಯೋದಲ್ಲಿ ಕೀಬೋರ್ಡಿನ ಶ್ರುತಿಯನ್ನು ಕೆಳಗೆ ಹಾಸಿದ ಕೂಡಲೇ ಈ ಸ್ವಾತಂತ್ರ್ಯ ಹೋಗುತ್ತದೆ. ಹಾಡುವವನ ಒಂದು ಕಿವಿ ಜತೆಗಾರನ ಮೇಲಿರುವ ಬದಲು ಯಂತ್ರದ ಮೇಲಿರುತ್ತದೆ. ಹಿಮ್ಮೇಳದವರು ಮೇಲೇರಿ ಹಿಡಿಯುವ ಆ ಸಂದಿಯನ್ನು, ಮಾತು ಕಲಸಿದಂತೆ ಕೇಳುತ್ತದೆ ಎಂಬ ಕಾರಣಕ್ಕೆ, ಕತ್ತರಿಸಿ ನೇರ ಮಾಡುತ್ತಾರೆ. ಆಮೇಲೆ ಉಂಟಾದ ಖಾಲಿ ಜಾಗ ತುಂಬಲು ಕೊಳಲಿನ ತುಣುಕು ಬರುತ್ತದೆ. ಹಾಡಿನ ಶ್ರುತಿಯನ್ನೇ ಕತ್ತರಿಸಿ ಬಿಸಾಡಿ, ಬಳಿಕ ಅಂಗಡಿಯಿಂದ ಶ್ರುತಿ ತಂದು ಜೋಡಿಸಿದ ಹಾಗಾಯಿತು.

ಹಾರ್ಮೋನಿಯಂ ಕುರಿತ ಹಳೆಯ ಚರ್ಚೆ ಇಲ್ಲಿ ನೆನಪಾಗುತ್ತದೆ. ಅದರ ನಿಂತ ಮನೆಗಳಲ್ಲಿ ನಮ್ಮ ಗಮಕ ಸಿಗದೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. 1971ರಲ್ಲಷ್ಟೇ ಆ ನಿಷೇಧ ಭಾಗಶಃ ಸಡಿಲವಾಯಿತು. ಆ ಹೊತ್ತಿಗೆ ಬಯಲಾಟದ ರಂಗದಲ್ಲಿ ಅದು ಪುಂಗಿಯ ಜಾಗದಲ್ಲಿ ಕೂತಾಗಿತ್ತು. ಭಾಗವತರು ತಮ್ಮ ಶ್ರುತಿಯನ್ನು ಬಿಳಿ ಇಷ್ಟು, ಕಪ್ಪು ಇಷ್ಟು ಎಂದು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲೇ ಹೇಳುವುದು ರೂಢಿಯಾಯಿತು. ನಾನು ಇದನ್ನು ಹಾನಿಯೆಂದು ಎಣಿಸುವುದಿಲ್ಲ. ಯಕ್ಷಗಾನಕ್ಕೆ ಹೊರಗಿನ ಶ್ರುತಿ ಮೊದಲಿನಿಂದಲೂ ಇತ್ತು. ಬದಲಾದದ್ದು ವಾದ್ಯ ಮಾತ್ರ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಿಗೆ ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದಾಗಲೂ ಕಲೆಗೆ ಅದನ್ನು ಹೊರುವ ಹೆಗಲಿತ್ತು. ಬಂಟ್ವಾಳ ಸೀಮೆಯ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನನ್ನು ಕನ್ನಡಿಗರು ಯಾರೂ ಇಂದು ವಿದೇಶಿ ವಾದ್ಯವೆಂದು ಕೇಳುವುದಿಲ್ಲ. ಹರ್ಡಿಗರ್ಡಿಯೂ ನಾಳೆ ಸಾಗರದ ಯಾವುದೋ ಮನೆಗೆ ಬಂದರೆ ಬರಲಿ. ಅದರ ಮರದ ನಾಲಗೆಗಳನ್ನು ತುಸುವೇ ಹೊರಳಿಸಿ ಒಂದೊಂದು ಸ್ವರವನ್ನೂ ಬೇಕಾದಷ್ಟು ಏರಿಳಿಸಿಕೊಳ್ಳಬಹುದು. ಆ ಮಟ್ಟಿಗೆ ಅದು ಹಾರ್ಮೋನಿಯಂಗಿಂತ ನಮ್ಮ ಧಾಟಿಗೆ ಹತ್ತಿರ. ಮಲೆನಾಡಿನ ಮಳೆಗಾಲದ ತೇವಕ್ಕೆ ಗಾಲಿಯ ಮರ ಉಬ್ಬುವುದೊಂದು ತೊಂದರೆ; ಡೊಳ್ಳಿನ ಚರ್ಮವನ್ನು ಕಾಯಿಸಿಕೊಂಡು ಬಾರಿಸುವ ಊರಿಗೆ ಅದೇನೂ ಹೊಸದಲ್ಲ.

ಆದರೆ ಅದನ್ನು ಎಲ್ಲಿ ಕೂರಿಸಬೇಕು? ಜೋಗಿಪದದ ಧಾಟಿಗೆ, ತತ್ವಪದಕ್ಕೆ, ಯಕ್ಷಗಾನದ ಪದಕ್ಕೆ ಅದು ಸಲ್ಲುತ್ತದೆ. ಅಂಟಿಗೆ–ಪಂಟಿಗೆಯ ಕೆಳಗೆ, ಹಸೆಯ ಹಾಡಿನ ಕೆಳಗೆ ಸಲ್ಲುವುದಿಲ್ಲ. ಅಲ್ಲಿ ಆ ಜಾಗ ಖಾಲಿಯಿಲ್ಲ, ಜನ ಕೂತಿದ್ದಾರೆ.

ಆಲ್ಬಮ್ ಎಂಬ ಆಕಾರವೂ ನಿರಪರಾಧಿಯಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗಿನಿಂದ ನಮ್ಮ ಸಂಗೀತ ಸುಮಾರು ಮೂರು ನಿಮಿಷದ ತಟ್ಟೆಯಲ್ಲಿ ಹಿಡಿಸಲು ಕಲಿಯಿತು. ಕನ್ನಡದಲ್ಲಿ 1978ರ ನಿತ್ಯೋತ್ಸವ ಭಾವಗೀತೆಗೆ ಕ್ಯಾಸೆಟ್ಟಿನ ದಾರಿ ತೆರೆಯಿತು. ಗುಂಡ್ಮಿ ಕಾಳಿಂಗ ನಾವಡರ (1958–1990) ದನಿ ಕ್ಯಾಸೆಟ್ಟುಗಳ ಮೂಲಕ ಘಟ್ಟದ ಮೇಲಿನ ಮನೆಗಳಲ್ಲಿ ಅವರು ತೀರಿಕೊಂಡ ಮೇಲೂ ಕೇಳುತ್ತಲೇ ಇತ್ತು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮಿನಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರು, ಪಿಟೀಲುಗಳ ಜತೆ ಹೊಸ ತಲೆಮಾರಿಗೆ ಮುಟ್ಟಿಸಿದರು. ತತ್ವಪದ ಮೂಲತಃ ಒಂಟಿ ಕೊರಳಿನದಾದ್ದರಿಂದ ಅದು ಸಾಧ್ಯವಾಯಿತು ಎಂದು ನನ್ನ ಎಣಿಕೆ. ಬಾಗಿಲು ತೆರೆಸುವ ಹಾಡಿಗೆ ಮೂರು ನಿಮಿಷದ ಅಳತೆ ಹೊಂದುವುದಿಲ್ಲ. ಬಾಗಿಲು ತೆರೆಯುವವರೆಗೆ ಅದರ ಉದ್ದ.

ಹಾಡು ಹರಿದಾಡುತ್ತಿದ್ದ ನೆಲದ ಬಗ್ಗೆಯೂ ಒಂದು ಮಾತು ಹೇಳದೆ ಹೋಗಲಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಶರಾವತಿಯ ಹಿನ್ನೀರಿನಡಿ ಹೋದವು. ಅದಕ್ಕೂ ಮೊದಲು ಹಿರೇಭಾಸ್ಕರದ ಅಣೆಯಿತ್ತು. ಮುಳುಗಿದ್ದು ಮನೆ, ಗದ್ದೆ ಮಾತ್ರವಲ್ಲ. ಒಂದೂರಿನ ದೀಪ ಇನ್ನೊಂದೂರಿಗೆ ನಡೆದುಹೋಗುತ್ತಿದ್ದ ಕಾಲುದಾರಿಗಳೂ ಹೌದು. ಮುಮ್ಮೇಳದ ಮನೆ ಶಿವಮೊಗ್ಗದ ಕಡೆ, ಹಿಮ್ಮೇಳದ ಮನೆ ಇನ್ನೊಂದು ತಾಲ್ಲೂಕಿಗೆ ಚದುರಿದರೆ ಆ ಹಾಡನ್ನು ಒಬ್ಬರೇ ನೆನಪಿಟ್ಟುಕೊಂಡು ಏನು ಮಾಡಬೇಕು? ಅರ್ಧ ಶ್ರುತಿ, ಅರ್ಧ ಧಾಟಿ. ಈಗ ವೇದಿಕೆಗಳಲ್ಲಿ ಅಂಟಿಗೆ–ಪಂಟಿಗೆಯ ಸ್ಪರ್ಧೆಗಳು ನಡೆಯುತ್ತಿರುವುದು ಒಳ್ಳೆಯದೇ. ಆದರೆ ಕೊಟ್ಟ ಅವಧಿಯಲ್ಲಿ ಮೈಕಿನ ಮುಂದೆ ಒಂದೇ ಸಾಲಾಗಿ ನಿಂತಾಗ ಎರಡು ಗುಂಪುಗಳ ನಡುವಿನ ದೂರ ಅಳಿದುಹೋಗುತ್ತದೆ. ತೀರ್ಪುಗಾರರು ಸಂದಿಯನ್ನು ಕೇಳಿಸಿಕೊಂಡು ಅಂಕ ಕೊಡಲಿ ಎಂದು ಬೇಡಿಕೊಳ್ಳುತ್ತೇನೆ.

ಮುದ್ರಣ ಮಾಡುವವರಿಗೆ ಮಾದರಿ ಇಲ್ಲದಿಲ್ಲ. ಡಚ್ ವಿದ್ವಾಂಸ ಆರ್ನಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಮುದ್ರಿಸಿಕೊಂಡ ಹಾಡು, ಕುಣಿತಗಳನ್ನು ಹುಡುಕಿಕೊಂಡು ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಿಗೆ ಮರಳಿದರು. 46 ವರ್ಷಗಳ ಅಂತರದಲ್ಲಿ ಏನು ಉಳಿಯಿತು, ಏನು ಬದಲಾಯಿತು ಎಂದು ಹೇಳಲು ಅವರಿಗೆ ಸಾಧ್ಯವಾದದ್ದು ಮೊದಲನೆಯವನು ಎಲ್ಲಿ, ಯಾರಿಂದ, ಯಾವಾಗ ಎಂಬುದನ್ನು ಬರೆದಿಟ್ಟದ್ದರಿಂದ. ನಮ್ಮ ಅನೇಕ ಜನಪದ ಕ್ಯಾಸೆಟ್ಟುಗಳ ಹೊದಿಕೆಯ ಮೇಲೆ ಸಾಹಿತ್ಯ: ಜನಪದ ಎಂಬ ಎರಡೇ ಪದ. ಧಾಟಿಗೆ ಒಡೆಯರಿಲ್ಲ ನಿಜ, ಹಾಡಿದವರಿಗೆ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಮಾಡಿದ ತಿದ್ದುಪಡಿ ಪ್ರದರ್ಶನ ನೀಡಿದವರಿಗೆ ಹಕ್ಕು ಕೊಟ್ಟಿತು, 1999ರ ತಿದ್ದುಪಡಿ ಅದರ ಅವಧಿಯನ್ನು 50 ವರ್ಷಕ್ಕೆ ಏರಿಸಿತು. ಅಂಗಳದಲ್ಲಿ ಹಾಡಿದ ಹಿಮ್ಮೇಳದ ಕೊನೆಯವನೂ ಪ್ರದರ್ಶನ ನೀಡಿದವನೇ.

ಆದ್ದರಿಂದ ಈ ಸೀಮೆಯ ಹಾಡುಗಾರನ ಮೊದಲ ಆಲ್ಬಮ್ ಹೇಗಿರಬೇಕೆಂದು ಕೇಳಿದರೆ ನನ್ನ ಉತ್ತರ ಇದು. ಅದು ಒಬ್ಬನ ಹೆಸರಿನಲ್ಲಿ ಬರಬಾರದು. ತಂಡದ ಹೆಸರಿನಲ್ಲಿ, ಊರಿನ ಹೆಸರಿನಲ್ಲಿ ಬರಲಿ. ಮುಮ್ಮೇಳಕ್ಕೆ ಒಂದು, ಹಿಮ್ಮೇಳಕ್ಕೆ ಒಂದು ಮೈಕು ಇಟ್ಟು, ಎರಡನ್ನೂ ಕೇಳುಗನ ಎರಡು ಕಿವಿಗೆ ಹಂಚಿ, ಸಂದಿಯನ್ನು ಕತ್ತರಿಸದೆ ಹಾಗೆಯೇ ಬಿಡಲಿ. ಶ್ರುತಿಯ ಪೆಟ್ಟಿಗೆ ಬೇಡ. ನಡಿಗೆಯ ಸದ್ದು, ನಾಯಿಯ ಬೊಗಳು, ಬಾಗಿಲ ಚಿಲಕದ ಸದ್ದು ಇರಲಿ.

ಓದುಗರಲ್ಲಿ ಒಂದು ಕೋರಿಕೆ. ಬರುವ ಬಲಿಪಾಡ್ಯಮಿಯ ರಾತ್ರಿ ನಿಮ್ಮ ಅಂಗಳಕ್ಕೆ ದೀಪ ಬಂದರೆ, ಹಾಡುವವರ ಒಪ್ಪಿಗೆ ಕೇಳಿ, ಮೊದಲ ದನಿಯಿಂದ ಹರಸಿ ಹೊರಡುವವರೆಗೆ ಫೋನಿನಲ್ಲಿ ಪೂರ್ತಿ ಮುದ್ರಿಸಿಕೊಳ್ಳಿ. ತಾರೀಕು, ಊರು, ಮುಮ್ಮೇಳದವರು ಯಾರು, ಹಿಮ್ಮೇಳದವರು ಯಾರು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಒಂದು ಪ್ರತಿಯನ್ನು ಹಾಡಿದವರ ಕೈಗೆ ಕೊಡಿ.